ಹಾಲುಬಾಯಿಯ ನೆಂಟ

ತಗಡೂರಿನ ನಮ್ಮ ಮನೆಯಲ್ಲಿ ಹಿರಿಯರು ಚಾಕೊಲೇಟ್ ಪುಡ್ಡಿಂಗನ್ನು ಪರದೇಶಿ ತಿನಿಸೆಂದೂ ಮಕ್ಕಳು ಹಾಲುಬಾಯಿಯನ್ನು ಹಳೆಯ ಕಾಲದ್ದೆಂದೂ ದೂರವಿಡುತ್ತಾರೆ. ನನಗೆ ಇವೆರಡೂ ನೆಂಟರೆಂದೇ ತೋರುತ್ತದೆ.

ಕೋಕೋ ಅಮೆರಿಕ ಖಂಡದಿಂದ ಬಂದ ಬೆಳೆ. 1828ರಲ್ಲಿ ಹಾಲೆಂಡಿನ ವಾನ್ ಹೌಟನ್ ಮನೆತನವು ಬೀಜದ ಕೊಬ್ಬನ್ನು ಹಿಂಡಿ ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆಯಿತು. ಕೋಕೋ ಪುಡಿ ಅಡುಗೆಮನೆಗೆ ಬರಲು ದಾರಿಯಾಯಿತು. ನಮ್ಮ ಕರಾವಳಿಯ ಅಡಿಕೆ ತೋಟಗಳ ನೆರಳಿನಲ್ಲೂ ಕೋಕೋ ಬೆಳೆಯಿತು. 1973ರಲ್ಲಿ ಮಂಗಳೂರಿನಲ್ಲಿ ಸ್ಥಾಪಿತವಾದ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊ, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು.

ಇನ್ನು ಮಾಡುವ ಕ್ರಮ. ಅರ್ಧ ಲೀಟರ್ ಹಾಲಿನಲ್ಲಿ ಸ್ವಲ್ಪವನ್ನು ತಣ್ಣಗೇ ಉಳಿಸಿಕೊಂಡು, ಅದರಲ್ಲಿ 3 ದೊಡ್ಡ ಚಮಚ ಕಾರ್ನ್‌ಫ್ಲೋರ್, 2 ಚಮಚ ಕೋಕೋ ಪುಡಿಯನ್ನು ಗಂಟಿಲ್ಲದಂತೆ ಕದಡಬೇಕು. ಉಳಿದ ಹಾಲನ್ನು 5 ಚಮಚ ಸಕ್ಕರೆಯೊಡನೆ ಕಾಯಿಸಿ, ಇದನ್ನು ಸುರಿದು, ಸಣ್ಣ ಉರಿಯಲ್ಲಿ ಕುದಿ ಬಂದು ಗಟ್ಟಿಯಾಗುವವರೆಗೆ ಕೈಬಿಡದೆ ತಿರುವಬೇಕು. ಕಾವಿಗೆ ಪಿಷ್ಟದ ಕಣಗಳು ನೀರು ಹೀರಿ ಉಬ್ಬುತ್ತವೆ. ನೆನೆಸಿದ ರಾಗಿಯನ್ನು ರುಬ್ಬಿ ಸೋಸಿದ ಹಾಲು, ಬೆಲ್ಲದೊಡನೆ ಬೆಂದು ಹಾಲುಬಾಯಿಯಾಗುವುದೂ ಇದೇ ಗುಣದಿಂದ.

ಪ್ರಿಯ ಶಿಷ್ಯರೇ, ಪುಡ್ಡಿಂಗ್ ಧಾರಾಳವಾಗಿ ಮಾಡಿರಿ. ಅದರ ಕ್ರಮ ಪೊಟ್ಟಣದ ಮೇಲೆಯೇ ಅಚ್ಚಾಗಿರುತ್ತದೆ. ಹಾಲುಬಾಯಿಯ ಹದವಾದರೋ ಹಿರಿಯರ ಕೈಯಲ್ಲಿದೆ. ಅವರು ಇರುವಾಗಲೇ ಕಲಿತುಕೊಳ್ಳಿರಿ.