ಕೆಮ್ಮು-ದಮ್ಮು: ನೆಗಡಿ ಹೋದ್ಮೇಲೂ ಉಳಿಯೋ ಕೆಮ್ಮಿನ ಇತಿಹಾಸ

ಭಾಗ 1

ನೆಗಡಿ ಬಂತು, ಜ್ವರ ಬಂತು, ಎರಡೂ ಹೋದ್ವು. ಕೆಮ್ಮು ಮಾತ್ರ ಹೋಗ್ತಿಲ್ಲ. ಮೂರು ವಾರ ಆಯ್ತು, ನಾಲ್ಕು ಆಯ್ತು. ಹಗಲು ಪರವಾಗಿಲ್ಲ, ರಾತ್ರಿ ಎರಡು ಗಂಟೆಗೆ ಎಬ್ಬಿಸಿ ಕೂರಿಸುತ್ತೆ. ಜೋರಾಗಿ ನಕ್ರೆ ಕೆಮ್ಮು, ಒಗ್ಗರಣೆ ಘಾಟಿಗೆ ಕೆಮ್ಮು, ಬಸ್ಸಿನ ಕಿಟಕಿ ಗಾಳಿಗೆ ಕೆಮ್ಮು. ನಿಮಗೆ ಅಸ್ತಮಾ ಇದ್ರೆ ಇದನ್ನ ನಾನು ವಿವರಿಸಬೇಕಿಲ್ಲ. ನನಗೂ ಪ್ರೈಮರಿ ಸ್ಕೂಲಿಂದ ಇದೆ. ಹಾಗಾಗಿ ಈ ವಾರದ ಇತಿಹಾಸ ರಾಜರದ್ದೂ ಅಲ್ಲ, ಕೋಟೆಯದ್ದೂ ಅಲ್ಲ. ಈ ಕೆಮ್ಮಿಂದು.

ನಮ್ಮ ಕಡೆ ಹಿರಿಯರು 'ಕೆಮ್ಮು-ದಮ್ಮು' ಅಂತ ಒಟ್ಟಿಗೇ ಹೇಳ್ತಾರೆ, ಗಮನಿಸಿದ್ದೀರಾ? ಆದರೆ ವೈದ್ಯರ ಪುಸ್ತಕಗಳಲ್ಲಿ ಇವೆರಡಕ್ಕೂ ಬೇರೆ ಬೇರೆ ಜಾಗ. ಚರಕ ಸಂಹಿತೆಯಲ್ಲಿ ಶ್ವಾಸಕ್ಕೆ ಒಂದು ಅಧ್ಯಾಯ, ಅದರ ಪಕ್ಕದಲ್ಲೇ ಕಾಸಕ್ಕೆ, ಅಂದ್ರೆ ಕೆಮ್ಮಿಗೆ, ಇನ್ನೊಂದು. ಅಲ್ಲಿ ಬರೋ 'ತಮಕ ಶ್ವಾಸ'ದ ವರ್ಣನೆ ಓದಿದ್ರೆ ಯಾರೋ ನಮ್ಮ ರೂಮಲ್ಲೇ ಕೂತು ಬರೆದಂಗಿದೆ: ಮೋಡ, ಮಳೆ, ತಣ್ಣನೆ ಗಾಳಿಗೆ ಜಾಸ್ತಿ ಆಗುತ್ತೆ, ಕೆಮ್ಮಿ ಕೆಮ್ಮಿ ಸುಸ್ತಾಗುತ್ತೆ, ಕಫ ಹೊರಗೆ ಬಂದ್ರೆ ಸ್ವಲ್ಪ ಹೊತ್ತು ನೆಮ್ಮದಿ, ಮಲಗಿದ್ರೆ ಕಷ್ಟ, ಕೂತ್ರೆ ಆರಾಮ.

ಇಂಗ್ಲೆಂಡಿನಲ್ಲಿ 1698ರಲ್ಲಿ ಜಾನ್ ಫ್ಲಾಯರ್, 1860ರಲ್ಲಿ ಹೆನ್ರಿ ಹೈಡ್ ಸಾಲ್ಟರ್ ಅಸ್ತಮಾ ಬಗ್ಗೆಯೇ ಪುಸ್ತಕ ಬರೆದರು. ಇಬ್ಬರಿಗೂ ಸ್ವತಃ ಅಸ್ತಮಾ ಇತ್ತು. ಸಾಲ್ಟರ್ ಹೇಳಿದ ಒಂದು ಮದ್ದು ಕೇಳಿದ್ರೆ ಚಿಕ್ಕಮಗಳೂರಿನವರು ಖುಷಿ ಪಡ್ತಾರೆ: ಸ್ಟ್ರಾಂಗ್ ಕಾಫಿ. ತಮಾಷೆ ಅಲ್ಲ. ಕೆಫೀನ್, ಥಿಯೋಫಿಲಿನ್ ಎರಡೂ ಒಂದೇ ಕುಟುಂಬ. ಡೆರಿಫಿಲಿನ್ ಮಾತ್ರೆ ಗೊತ್ತಲ್ಲ, ಅದರಲ್ಲಿ ಇದೇ ಥಿಯೋಫಿಲಿನ್ ಇರೋದು.

ಸಾಲ್ಟರ್ ಪ್ರಕಾರ ರೋಗ ಅಂದ್ರೆ ಶ್ವಾಸನಾಳದ ಸ್ನಾಯು ಬಿಗಿಯೋದು. ಬಿಗಿ ಸಡಿಲಿಸಿದ್ರೆ ಮುಗೀತು. ಅರ್ಧ ಸರಿ. 1892ರಲ್ಲೇ ವಿಲಿಯಂ ಆಸ್ಲರ್ ತನ್ನ ಪಠ್ಯಪುಸ್ತಕದಲ್ಲಿ ಸಣ್ಣ ಶ್ವಾಸನಾಳಗಳ ಉರಿಯೂತದ ಬಗ್ಗೆ ಬರೆದಿದ್ದ. ಆದರೆ ಚಿಕಿತ್ಸೆ ಆಮೇಲೂ ಬಹಳ ಕಾಲ ಬಿಗಿಯ ಹಿಂದೆಯೇ ಓಡ್ತು. ಕಥೆ ಎಲ್ಲ ಇರೋದು ಇಲ್ಲೇ.

ಭಾಗ 2

ಬಿಗಿ ಸಡಿಲಿಸೋ ಹುಡುಕಾಟದಲ್ಲಿ ನಮ್ಮ ದಕ್ಷಿಣ ಭಾರತದ್ದೂ ಒಂದು ಪಾತ್ರ ಇದೆ. ಮದ್ರಾಸಿನಲ್ಲಿ ಫಿಸಿಶಿಯನ್ ಜನರಲ್ ಆಗಿದ್ದ ಜೇಮ್ಸ್ ಆಂಡರ್ಸನ್, ಉಬ್ಬಸಕ್ಕೆ ದತ್ತೂರದ ಹೊಗೆ ಎಳೆಯೋ ಇಲ್ಲಿನ ಪದ್ಧತಿಯನ್ನ ತಿಳ್ಕೊಂಡಿದ್ದ. 1802ರಲ್ಲಿ ಜನರಲ್ ಜೆಂಟ್ ಅನ್ನೋ ಸೇನಾಧಿಕಾರಿ ಮೂಲಕ ಅದು ಬ್ರಿಟನ್ನಿಗೆ ಹೋಯ್ತು. ಶಿವನ ಪೂಜೆಗೆ ಇಡ್ತೀವಲ್ಲ, ಅದೇ ಜಾತಿಯ ಗಿಡ. ಮುಂದೆ ನೂರು ವರ್ಷಕ್ಕೂ ಹೆಚ್ಚು ಕಾಲ ಯೂರೋಪಿನ ಔಷಧಿ ಅಂಗಡಿಗಳಲ್ಲಿ 'ಅಸ್ತಮಾ ಸಿಗರೇಟು' ಮಾರಾಟ ಆಯ್ತು. ಫ್ರೆಂಚ್ ಕಾದಂಬರಿಕಾರ ಮಾರ್ಸೆಲ್ ಪ್ರೂಸ್ತ್ ಕೂಡ ಇಂಥದ್ದನ್ನ ಸೇದಿದವನೇ.

(ದತ್ತೂರ ವಿಷ. ಪ್ರಮಾಣ ಸ್ವಲ್ಪ ತಪ್ಪಿದ್ರೂ ಭ್ರಮೆ, ಸಾವು ಎರಡೂ ಆಗಬಹುದು. ಯಾರೂ ಟ್ರೈ ಮಾಡ್ಬೇಡಿ, ಪ್ಲೀಸ್.)

ಆದರೆ ಅದರಲ್ಲಿರೋ ಅಟ್ರೊಪಿನ್ ನಿಜವಾಗ್ಲೂ ಶ್ವಾಸನಾಳ ಸಡಿಲಿಸುತ್ತೆ. ಆಸ್ಪತ್ರೆಯಲ್ಲಿ ನೆಬ್ಯುಲೈಸರ್‌ಗೆ ಹಾಕೋ ಇಪ್ರಟ್ರೋಪಿಯಂ ಇದೆಯಲ್ಲ, ಅದು ಅಟ್ರೊಪಿನ್ನನ್ನೇ ತಿದ್ದಿ ಮಾಡಿದ್ದು.

ಇದೆಲ್ಲ ದಮ್ಮಿನ ಕಡೆ ಆಯ್ತು. ಕೆಮ್ಮಿನ ಕಡೆ? 1898ರಲ್ಲಿ ಜರ್ಮನಿಯ ಬೇಯರ್ ಕಂಪನಿ ಹೊಸ ಕೆಮ್ಮಿನ ಔಷಧಿಯೊಂದನ್ನ ಮಾರುಕಟ್ಟೆಗೆ ತಂತು. ಹೆಸರು ಹೆರಾಯಿನ್. ಹೌದು, ಅದೇ ಹೆರಾಯಿನ್! ಮೆದುಳಿಗೆ ಹೋಗಿ 'ಕೆಮ್ಮಬೇಡ' ಅಂತ ಹೇಳೋ ಔಷಧಿ. ಶ್ವಾಸನಾಳದ ಒಳಗೆ ಏನಾಗಿದೆ ಅನ್ನೋದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಕೊಡೀನ್ ಸಿರಪ್ಪುಗಳದ್ದೂ ಅದೇ ದಾರಿ.

ಅಜ್ಜಿಯರ ಆಡುಸೋಗೆ ಕಷಾಯದ ಕಥೆ ಇದಕ್ಕಿಂತ ಎಷ್ಟೋ ಮರ್ಯಾದಸ್ತ. ಆ ಎಲೆಯಲ್ಲಿರೋ ವ್ಯಾಸಿಸಿನ್ ಅನ್ನೋ ಅಂಶವನ್ನ ಮಾದರಿ ಇಟ್ಕೊಂಡು 1960ರ ದಶಕದಲ್ಲಿ ಬ್ರೋಮ್‌ಹೆಕ್ಸಿನ್ ಬಂತು. ಮನೆಯಲ್ಲಿರೋ ಸಿರಪ್ ಬಾಟಲಿ ತಿರುಗಿಸಿ ಲೇಬಲ್ ಓದಿ, ಅದೋ ಅದರಿಂದಲೇ ಹುಟ್ಟಿದ ಆಂಬ್ರಾಕ್ಸೋಲೋ ಇರೋ ಸಾಧ್ಯತೆ ಜಾಸ್ತಿ. ಅದು ಕಫ ತೆಳು ಮಾಡುತ್ತೆ. ಕಫ ಯಾಕೆ ಬರ್ತಿದೆ ಅನ್ನೋ ಕಡೆ ಹೋಗೋದಿಲ್ಲ.

ಭಾಗ 3

1950ರ ದಶಕದ ಮಧ್ಯದವರೆಗೂ ಅಸ್ತಮಾ ಇದ್ದವರ ಕೈಲಿ ಇರ್ತಿದ್ದದ್ದು ಗಾಜಿನ ನೆಬ್ಯುಲೈಸರ್. ರಬ್ಬರ್ ಬುಗ್ಗೆ ಒತ್ತಿ ಒತ್ತಿ ಔಷಧಿ ಎಳ್ಕೋಬೇಕು. ಸ್ಕೂಲ್ ಬ್ಯಾಗಲ್ಲಿ ಇಟ್ರೆ ಒಡೆದೇ ಹೋಗುತ್ತೆ. ಅಮೆರಿಕದ ರೈಕರ್ ಅನ್ನೋ ಔಷಧಿ ಕಂಪನಿಯ ಮುಖ್ಯಸ್ಥ ಜಾರ್ಜ್ ಮೇಸನ್‌ಗೆ 13 ವರ್ಷದ ಮಗಳು. ಅವಳಿಗೂ ಅಸ್ತಮಾ. ಕೂದಲಿಗೆ ಹೊಡೆಯೋ ಸ್ಪ್ರೇ ಥರ ನನ್ನ ಔಷಧಿನೂ ಡಬ್ಬಿಯಲ್ಲಿ ಯಾಕೆ ಬರಬಾರದು ಅಂತ ಅಪ್ಪನನ್ನ ಕೇಳಿದಳು. 1956ರಲ್ಲಿ ಬಂತು. ಇವತ್ತು ನಮ್ಮ ಜೇಬಲ್ಲಿರೋ ಪಂಪ್ ಇನ್ಹೇಲರ್ ಹುಟ್ಟಿದ್ದು ಹೀಗೆ.

ಆಮೇಲೆ ನಡೆದದ್ದು ಮಾತ್ರ ಭಯಂಕರ. 1960ರ ದಶಕದಲ್ಲಿ ಇಂಗ್ಲೆಂಡ್, ವೇಲ್ಸ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲಿ ಅಸ್ತಮಾದಿಂದ ಸಾಯೋ ಎಳೆಯರ ಸಂಖ್ಯೆ ಇದ್ದಕ್ಕಿದ್ದಂತೆ ಏರ್ತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1959ರಿಂದ 1966ರೊಳಗೆ, 10ರಿಂದ 14 ವರ್ಷದ ಮಕ್ಕಳಲ್ಲಿ ಈ ಸಾವು ಸುಮಾರು ಎಂಟು ಪಟ್ಟು ಆಯ್ತು. ಅನುಮಾನ ಬಿದ್ದದ್ದು ಐಸೋಪ್ರಿನಲಿನ್ ಅನ್ನೋ ಔಷಧಿಯ ಇನ್ಹೇಲರ್ ಮೇಲೆ, ಅದರಲ್ಲೂ ಹೆಚ್ಚು ಶಕ್ತಿಯ ಡಬ್ಬಿಗಳ ಮೇಲೆ. 1968ರಲ್ಲಿ ಬ್ರಿಟನ್ನಿನಲ್ಲಿ ಚೀಟಿ ಇಲ್ಲದೆ ಮಾರೋದು ನಿಂತ್ತು, ಸಾವುಗಳೂ ಇಳಿದ್ವು. ಔಷಧಿ ಹೃದಯಕ್ಕೆ ಹೊಡೀತಾ, ಇಲ್ಲ ಆ ಕ್ಷಣದ ಆರಾಮ ನಂಬ್ಕೊಂಡು ಜನ ಆಸ್ಪತ್ರೆಗೆ ತಡವಾಗಿ ಹೋದ್ರಾ ಅಂತ ತಜ್ಞರು ದಶಕಗಟ್ಟಲೆ ಜಗಳ ಆಡಿದ್ರು. ನನಗೆ ಎರಡನೇದು ತುಂಬ ಹತ್ತಿರದ್ದು ಅನ್ಸುತ್ತೆ. ಬಿಕಾಂ ಭಾಷೆಯಲ್ಲಿ ಹೇಳೋದಾದ್ರೆ, ಓವರ್‌ಡ್ರಾಫ್ಟ್ ತೆಗೆದು ಸಂಬಳ ಕೊಟ್ಟಂಗೆ. ಈ ತಿಂಗಳು ಅಂಗಡಿ ನಡೆಯುತ್ತೆ, ನಷ್ಟ ಒಳಗೆ ಹಾಗೇ ಬೆಳೀತಿರುತ್ತೆ.

1969ರಲ್ಲಿ ಸಾಲ್ಬುಟಮಾಲ್ ಬಂತು, ಅದೇ ನಮ್ಮ ನೀಲಿ ಇನ್ಹೇಲರ್. ಹೃದಯಕ್ಕೆ ಹಿಂದಿನದಕ್ಕಿಂತ ಸೌಮ್ಯ. ಆದ್ರೂ ಕೆಲಸ ಅದೇ, ಬಿಗಿ ಸಡಿಲಿಸೋದು. ಒಳಗಿನ ಊತ ಇಳಿಸೋ ಬೆಕ್ಲೊಮೆಥಾಸೋನ್ ಇನ್ಹೇಲರ್ ಬಂದದ್ದು 1972ರಲ್ಲಿ. ಅದು ಸ್ಟಿರಾಯ್ಡ್. ಈ ಪದ ಕೇಳಿದ ತಕ್ಷಣ ಮನೆಯವರ ಮುಖ ಬದಲಾಗುತ್ತೆ, ಅದಕ್ಕೂ ಕಾರಣ ಇದೆ: 1950ರ ದಶಕದಲ್ಲಿ ಸ್ಟಿರಾಯ್ಡ್ ಮಾತ್ರೆಗಳನ್ನ ದೀರ್ಘಕಾಲ ನುಂಗಿದವರಿಗೆ ಮುಖ ಊದ್ಕೊಂಡು, ಮೂಳೆ ಸವೆದು ತೊಂದರೆ ಆಗಿತ್ತು. ಆದರೆ ಮಾತ್ರೆಯ ಲೆಕ್ಕ ಮಿಲಿಗ್ರಾಂನಲ್ಲಿ, ಇನ್ಹೇಲರ್ ಲೆಕ್ಕ ಮೈಕ್ರೋಗ್ರಾಂನಲ್ಲಿ. ಸಾವಿರ ಮೈಕ್ರೋಗ್ರಾಂ ಸೇರಿದ್ರೆ ಒಂದು ಮಿಲಿಗ್ರಾಂ. ಔಷಧಿ ನೇರ ಶ್ವಾಸನಾಳಕ್ಕೆ ಹೋಗೋದ್ರಿಂದ ಅಷ್ಟೇ ಸಾಕು. ತಗೊಂಡ್ಮೇಲೆ ಬಾಯಿ ಮುಕ್ಕಳಿಸೋದು ಮರೀಬೇಡಿ, ಇಲ್ಲಾಂದ್ರೆ ಬಾಯಲ್ಲಿ ಬಿಳಿ ಅಗ್ರ ಬರಬಹುದು.

ಭಾಗ 4

ಈಗ ಮತ್ತೆ ನಮ್ಮ ಕೆಮ್ಮಿಗೆ. 1979ರಲ್ಲಿ ಅಮೆರಿಕದ ಕೊರಾವ್, ಬ್ರಾಮನ್, ಅರ್ವಿನ್ ಅನ್ನೋ ಮೂವರು ವೈದ್ಯರು ಆರು ರೋಗಿಗಳ ಬಗ್ಗೆ ಬರೆದರು. ಅವರಿಗೆ ಗೊರಗೊರ ಸದ್ದಿಲ್ಲ, ದಮ್ಮಿಲ್ಲ, ಉಸಿರಿನ ಪರೀಕ್ಷೆಯೂ ನಾರ್ಮಲ್. ಇದ್ದದ್ದು ಬಿಡದ ಕೆಮ್ಮು ಒಂದೇ. ಶ್ವಾಸನಾಳವನ್ನ ಕೆಣಕಿ ಪರೀಕ್ಷಿಸಿದಾಗ ಅದು ಅಸ್ತಮಾ ಅಂತ ಗೊತ್ತಾಯ್ತು, ಅಸ್ತಮಾ ಔಷಧಿಗೆ ಕೆಮ್ಮು ಹೋಯ್ತು. ನಮ್ಮ ಹಿರಿಯರ 'ಕೆಮ್ಮು-ದಮ್ಮು' ಜೋಡಿಗೆ ವೈದ್ಯ ಪತ್ರಿಕೆಯಲ್ಲಿ ಸಾಕ್ಷಿ ಸಿಕ್ಕಂಗಾಯ್ತು.

ಅದೇ 1979ರಿಂದ ಬೆಂಗಳೂರಿನದ್ದೂ ಒಂದು ಲೆಕ್ಕ ಇದೆ. ಮಕ್ಕಳ ವೈದ್ಯ ಡಾ. ಎಚ್. ಪರಮೇಶ್ ಅವರು ತಮ್ಮ ಆಸ್ಪತ್ರೆಗೆ ಬಂದ 18ರೊಳಗಿನ ಮಕ್ಕಳಲ್ಲಿ ಅಸ್ತಮಾ ಎಷ್ಟಿದೆ ಅಂತ ನೋಡ್ತಾ ಹೋದರು. 1979ರಲ್ಲಿ 9%. 1999ರಲ್ಲಿ 29.5%. ನಮ್ಮ ಕ್ಲಾಸಲ್ಲಿ ಇನ್ಹೇಲರ್ ಇರೋರು ನಾಲ್ಕು ಜನ ಅಂತ ನನಗೆ ಗೊತ್ತಾಗೋಕೆ ಎರಡು ಸೆಮಿಸ್ಟರ್ ಬೇಕಾಯ್ತು, ಯಾಕಂದ್ರೆ ಎಲ್ಲರೂ ವಾಶ್‌ರೂಮಿಗೆ ಹೋಗಿ ತಗೋತಾರೆ. ಕೋವಿಡ್ ಆದ್ಮೇಲಂತೂ ಕೆಮ್ಮಿದ್ರೆ ಇಡೀ ಬಸ್ಸು ತಿರುಗಿ ನೋಡುತ್ತೆ.

ವೈರಸ್ ಒಂದೆರಡು ವಾರದಲ್ಲಿ ಹೋದ್ರೂ, ಅಸ್ತಮಾ ಇರೋ ಶ್ವಾಸನಾಳದಲ್ಲಿ ಅದು ಕೆರಳಿಸಿದ ಊತ ವಾರಗಟ್ಟಲೆ ಉಳಿಯುತ್ತೆ. ಆಗ ನೀಲಿ ಇನ್ಹೇಲರ್ ನಾಲ್ಕೈದು ಗಂಟೆ ಆರಾಮ ಕೊಡುತ್ತೆ, ಸಿರಪ್ ಕುಡಿದ್ರೆ ನಿದ್ದೆ ಬರುತ್ತೆ, ಊತ ಇದ್ದಲ್ಲೇ ಇರುತ್ತೆ. ಇದೇ ಕಾರಣಕ್ಕೆ, 1969 ಆಗಿ ಸರಿಯಾಗಿ 50 ವರ್ಷಕ್ಕೆ, 2019ರಲ್ಲಿ ಗಿನಾ ಅನ್ನೋ ಜಾಗತಿಕ ಅಸ್ತಮಾ ಸಂಸ್ಥೆ ತನ್ನ ಸಲಹೆ ಬದಲಿಸ್ತು: ದೊಡ್ಡವರಿಗೂ, 12 ದಾಟಿದ ಮಕ್ಕಳಿಗೂ ನೀಲಿ ಇನ್ಹೇಲರ್ ಒಂದನ್ನೇ ಕೊಡಬಾರದು, ಊತ ಇಳಿಸೋ ಔಷಧಿ ಜೊತೆಗೆ ಇರಲೇಬೇಕು. ನಾನಾಗ ಹೈಸ್ಕೂಲಲ್ಲಿದ್ದೆ. ಮೆಡಿಕಲ್ ಶಾಪಿನ ಕೌಂಟರಲ್ಲಿ ಚೀಟಿ ಇಲ್ಲದೆ ನೀಲಿ ಮಾತ್ರ ತಗೊಂಡು ಹೋಗೋರನ್ನ ಈಗಲೂ ನೋಡ್ತೀನಿ.

ಹಳೇ ಬಿಲ್ಲುಗಳನ್ನ ತೆಗೆದು ಒಂದು ಸಲ ಎಣಿಸಿ. 200 ಪಫ್‌ನ ನೀಲಿ ಡಬ್ಬಿ ವರ್ಷಕ್ಕೆ ಮೂರೋ ಅದಕ್ಕಿಂತ ಜಾಸ್ತಿಯೋ ಖಾಲಿ ಆಗ್ತಿದ್ರೆ ಅದೇ ಅಪಾಯದ ಗುರುತು. ಡಾಕ್ಟರ ಹತ್ರ ಹೋದಾಗ ಬರೀ 'ಕೆಮ್ಮು' ಅನ್ಬೇಡಿ, 'ಅಸ್ತಮಾ ಇದೆ, ಇಷ್ಟು ವಾರದಿಂದ ಕೆಮ್ಮು, ರಾತ್ರಿ ಎಚ್ಚರ ಆಗುತ್ತೆ, ಇಷ್ಟು ಪಫ್ ತಗೋತಿದ್ದೀನಿ' ಅಂತ ಪೂರ್ತಿ ಲೆಕ್ಕ ಕೊಡಿ. ಎರಡು ವಾರ ದಾಟಿದ ಕೆಮ್ಮಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ. ಅಸ್ತಮಾ ಇದ್ದವರಿಗೆ ಟಿಬಿ ಬರಲ್ಲ ಅಂತೇನಿಲ್ಲ, ಮಾಡಿಸಿ.

ಒಂದು ವಾಕ್ಯ ಪೂರ್ತಿ ಹೇಳೋಕೆ ಉಸಿರು ಸಾಲ್ತಿಲ್ಲ, ತುಟಿ ನೀಲಿ ಆಗ್ತಿದೆ, ಇನ್ಹೇಲರ್ ತಗೊಂಡ್ರೂ ಇಳೀತಿಲ್ಲ ಅಂದ್ರೆ ಬೆಳಗಾಗೋವರೆಗೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ.