ಪಕ್ಕದಲ್ಲಿ ಕುಳಿತವರು: ಸ್ಕ್ರ್ಯಾಪರ್ ಬ್ಲ್ಯಾಕ್‌ವೆಲ್ ನೆನಪಿಗೆ

ಕಚೇರಿಯ ಆಮಂತ್ರಣ ಪತ್ರಿಕೆಯಲ್ಲಿ ಪಕ್ಕವಾದ್ಯದವರ ಹೆಸರು ಸಣ್ಣ ಅಕ್ಷರಗಳಲ್ಲಿರುತ್ತದೆ. ಕಚೇರಿ ಮುಗಿಸಿ ಮನೆಗೆ ಮರಳುವಾಗಲೂ ನಾವು ಹಾಡಿದವರನ್ನು ಕುರಿತೇ ಮಾತಾಡಿಕೊಳ್ಳುತ್ತೇವೆ. ಅಮೆರಿಕದ ಬ್ಲೂಸ್ ಸಂಗೀತದ ಚರಿತ್ರೆಯಲ್ಲಿ ಫ್ರಾನ್ಸಿಸ್ ಹಿಲ್‌ಮನ್ ಬ್ಲ್ಯಾಕ್‌ವೆಲ್ ಅಂಥದೊಂದು ಸಣ್ಣ ಅಕ್ಷರದ ಹೆಸರು. ಇಂಡಿಯಾನಾಪೊಲಿಸ್ ನಗರದ ಜನ ಅವರನ್ನು ಸ್ಕ್ರ್ಯಾಪರ್, ಎಂದರೆ ಜಗಳಗಂಟ, ಎಂದು ಕರೆಯುತ್ತಿದ್ದರು. ಪುಸ್ತಕಗಳಲ್ಲಿ ಅವರ ಹೆಸರು ಬಂದಲ್ಲೆಲ್ಲ ಬೆನ್ನಿಗೇ ಒಂದು ವಾಕ್ಯ ಬರುತ್ತದೆ: 1962ರ ಅಕ್ಟೋಬರಿನಲ್ಲಿ ಅದೇ ನಗರದ ಹಿತ್ತಲ ಓಣಿಯೊಂದರಲ್ಲಿ ಗುಂಡೇಟಿಗೆ ಸಿಕ್ಕಿ ಸತ್ತರು. ಐವತ್ತೊಂಬತ್ತು ವರ್ಷಗಳ ಬಾಳಿನಲ್ಲಿ ಓದುಗರ ಮನಸ್ಸಿನಲ್ಲಿ ನಿಲ್ಲುವುದು ಆ ಓಣಿಯೊಂದೇ. ಅದರ ಹಿಂದೆ ಮರೆಯಾದ ಕಲಾವಿದನನ್ನು ನೆನೆಯುವುದು ಈ ಬರಹದ ಉದ್ದೇಶ.

ಬ್ಲೂಸ್ ಎಂಬುದು ಅಮೆರಿಕದ ದಕ್ಷಿಣ ಪ್ರಾಂತ್ಯಗಳಲ್ಲಿ, ಗುಲಾಮಗಿರಿಯಿಂದ ಬಿಡುಗಡೆಗೊಂಡರೂ ಹತ್ತಿಯ ಹೊಲಗಳ ಸಾಲದಿಂದ ಬಿಡುಗಡೆಯಾಗದ ಕಪ್ಪು ಜನರ ನಡುವೆ ಹುಟ್ಟಿದ ಹಾಡು. ಅದರ ಕಟ್ಟು ಸರಳ. ಒಂದು ಸಾಲನ್ನು ಎರಡು ಸಲ ಹಾಡುತ್ತಾರೆ, ಮೂರನೆಯ ಸಾಲು ಅದಕ್ಕೆ ಉತ್ತರವಾಗಿ ಬರುತ್ತದೆ. ನಮ್ಮ ಸ್ವರಭಾಷೆಯಲ್ಲಿ ಹೇಳುವುದಾದರೆ ಗಾಂಧಾರ, ನಿಷಾದಗಳನ್ನು ಶುದ್ಧಕ್ಕೂ ಕೋಮಲಕ್ಕೂ ನಡುವೆ ಎಲ್ಲೋ ಎಳೆದು ನಿಲ್ಲಿಸುವುದು ಅದರ ಜೀವ. ಒಂದು ಸಾಲಿಗೂ ಮುಂದಿನ ಸಾಲಿಗೂ ನಡುವೆ ಹಾಡುಗಾರ ಉಸಿರೆಳೆದುಕೊಳ್ಳುವಷ್ಟು ಬಿಡುವಿರುತ್ತದೆ. ಆ ಬಿಡುವಿನಲ್ಲಿ ವಾದ್ಯ ಮಾತಾಡಬೇಕು. ಬ್ಲ್ಯಾಕ್‌ವೆಲ್ ಬಾಳಿದ್ದು ಆ ಬಿಡುವಿನಲ್ಲಿ.

1903ರಲ್ಲಿ ಕೆರೊಲಿನಾ ಸೀಮೆಯ ದೊಡ್ಡ ಕುಟುಂಬವೊಂದರಲ್ಲಿ ಹುಟ್ಟಿದ ಅವರು ಬಾಲ್ಯದಲ್ಲೇ ಇಂಡಿಯಾನಾಪೊಲಿಸ್‌ಗೆ ಬಂದರು. ಸ್ಕ್ರ್ಯಾಪರ್ ಎಂಬ ಅಡ್ಡಹೆಸರನ್ನಿಟ್ಟವರು ಅವರ ಅಜ್ಜಿ. ಚುಟ್ಟದ ಪೆಟ್ಟಿಗೆಯ ಹಲಗೆ, ಮ್ಯಾಂಡೊಲಿನ್ನಿನ ಕುತ್ತಿಗೆ, ಕೈಗೆ ಸಿಕ್ಕ ತಂತಿ, ಇವುಗಳನ್ನು ಜೋಡಿಸಿ ಹುಡುಗ ತನ್ನ ಮೊದಲ ಗಿಟಾರನ್ನು ತಾನೇ ಮಾಡಿಕೊಂಡನೆಂದು ಹೇಳುತ್ತಾರೆ. ಗುರುವೆಂದು ಯಾರೂ ಇರಲಿಲ್ಲ. ಪಾನನಿಷೇಧದ ಆ ಕಾಲದಲ್ಲಿ ಹೊಟ್ಟೆಪಾಡಿಗೆ ಕಳ್ಳಭಟ್ಟಿಯ ವ್ಯಾಪಾರ. ಗಿಟಾರ್ ಅವರಿಗೆ ಸಂಜೆಯ ಸುಖವಾಗಿತ್ತು, ವೃತ್ತಿಯಾಗಿರಲಿಲ್ಲ.

ಆ ನಗರ ಉತ್ತರದಲ್ಲಿತ್ತೆಂಬುದೇನೋ ನಿಜ. ಆದರೆ ಉತ್ತರವೆಂದರೆ ಬಿಡುಗಡೆ ಎಂದು ನಂಬಿ ಬಂದವರಿಗೆ ಅಲ್ಲಿ ಕಂಡದ್ದು ಬೇರೆ. 1920ರ ದಶಕದ ಇಂಡಿಯಾನಾ ಕು ಕ್ಲಕ್ಸ್ ಕ್ಲಾನ್ ಎಂಬ ಬಿಳಿಯರ ಭಯೋತ್ಪಾದಕ ಕೂಟದ ಬಲವಾದ ನೆಲೆಯಾಗಿತ್ತು. 1927ರಲ್ಲಿ ನಗರದಲ್ಲಿ ತೆರೆದ ಕ್ರಿಸ್ಪಸ್ ಆಟಕ್ಸ್ ಪ್ರೌಢಶಾಲೆ ಕಪ್ಪು ಮಕ್ಕಳನ್ನು ಬೇರೆಯಾಗಿಡಲೆಂದೇ ಕಟ್ಟಿದ್ದು. ಅದೇ ವರ್ಷ ಇಂಡಿಯಾನಾ ಅವೆನ್ಯೂ ಎಂಬ ಬೀದಿಯಲ್ಲಿ ವಾಕರ್ ರಂಗಮಂದಿರವೂ ತೆರೆಯಿತು. ಕೇಶತೈಲಾದಿಗಳ ಉದ್ಯಮದಿಂದ ಸಿರಿವಂತೆಯಾದ ಕಪ್ಪು ಮಹಿಳೆ ಮೇಡಮ್ ಸಿ. ಜೆ. ವಾಕರ್ ಅವರ ಹೆಸರಿನ ಕಟ್ಟಡ ಅದು. ಆ ಬೀದಿಯ ಸುತ್ತ ಅಂಗಡಿ, ಚರ್ಚು, ಪತ್ರಿಕೆ, ಪಾನಗೃಹ, ಸಂಗೀತ ಎಲ್ಲವೂ ಒತ್ತೊತ್ತಾಗಿ ಬೆಳೆದವು. ಮುಂದೆ ಜಾಜ್ ಗಿಟಾರಿನ ಮಹಾಕಲಾವಿದರಾದ ವೆಸ್ ಮಾಂಟ್‌ಗೊಮರಿ ಹೊಮ್ಮಿದ್ದೂ ಆ ಬೀದಿಯಿಂದಲೇ. ಊರು ಬಿಟ್ಟು ಬಂದವರು ಪರನಗರದಲ್ಲಿ ತಮ್ಮದೇ ಒಂದು ಬೀದಿಯನ್ನು ಕಟ್ಟಿಕೊಳ್ಳುವ ಬಗೆ ಹೊರನಾಡಿನ ನಮಗೆ ಹೊಸದಲ್ಲ. ಆದರೆ ಅವರ ಬೀದಿಯ ಗಡಿಗಳನ್ನು ಎಳೆದದ್ದು ಭಯವೂ ಕಾನೂನೂ ಎಂಬುದನ್ನು ಮರೆತು ಹೋಲಿಕೆಗಿಳಿಯುವುದು ಸಲ್ಲದು.

ಆ ಬೀದಿಯ ವಲಯದಲ್ಲಿ ಬ್ಲ್ಯಾಕ್‌ವೆಲ್‌ಗೆ ಪಿಯಾನೊ ವಾದಕ, ಗಾಯಕ ಲೆರಾಯ್ ಕಾರ್ ಜೊತೆಯಾದರು. ಧ್ವನಿಮುದ್ರಣಕ್ಕೆ ಕಾರ್ ಕರೆದಾಗ ಭಟ್ಟಿಯ ಸಂಪಾದನೆ ಬಿಟ್ಟು ಬರಲು ಬ್ಲ್ಯಾಕ್‌ವೆಲ್‌ಗೆ ಮನಸ್ಸಿರಲಿಲ್ಲ. ಕಡೆಗೆ ಒಪ್ಪಿದರು. 1928ರ ಜೂನ್ ತಿಂಗಳಲ್ಲಿ ವೊಕಾಲಿಯನ್ ಕಂಪನಿಗಾಗಿ ಇಬ್ಬರೂ ಸೇರಿ ಮುದ್ರಿಸಿದ 'ಹೌ ಲಾಂಗ್, ಹೌ ಲಾಂಗ್ ಬ್ಲೂಸ್' ದೇಶದಾದ್ಯಂತ ಕಪ್ಪು ಜನರ ಮನೆಗಳನ್ನು ಹೊಕ್ಕಿತು. ಅಲ್ಲಿಯವರೆಗೆ ಬ್ಲೂಸ್ ಎಂದರೆ ಒಂದೋ ದೊಡ್ಡ ಕಂಠದ ಗಾಯಕಿಯರ ರಂಗಗೀತೆ, ಇಲ್ಲವೇ ಹಳ್ಳಿಯ ಒಂಟಿ ಗಿಟಾರಿನವರ ಹಾಡು. ಕಾರ್ ಅವರದು ಮೆಲುದನಿ. ಆ ಹೊತ್ತಿಗೆ ಬಳಕೆಗೆ ಬಂದಿದ್ದ ವಿದ್ಯುತ್ ಮೈಕ್ರೊಫೋನು ಅಂಥ ಮೆಲುದನಿಯನ್ನೂ ಹಿಡಿಯಬಲ್ಲದಾಗಿತ್ತು. ನಗರದ ಬಾಡಿಗೆ ಕೋಣೆಯಲ್ಲಿ ಒಬ್ಬರು ಮತ್ತೊಬ್ಬರೊಡನೆ ಆಡುವ ಮಾತಿನಂಥ ಬ್ಲೂಸ್ ಹೀಗೆ ಹುಟ್ಟಿತು. ಮುಂದಿನ ಏಳು ವರ್ಷಗಳಲ್ಲಿ ಆ ಜೋಡಿ ನೂರಕ್ಕೂ ಮಿಕ್ಕಿ ಹಾಡುಗಳನ್ನು ಮುದ್ರಿಸಿತು.

ಆ ಮುದ್ರಿಕೆಗಳನ್ನು ಎರಡು ಸಲ ಕೇಳಬೇಕು. ಮೊದಲ ಸಲ ಕಿವಿ ಹಾಡನ್ನೇ ಹಿಂಬಾಲಿಸುತ್ತದೆ. ಎರಡನೆಯ ಸಲ ಗಿಟಾರನ್ನು ಹಿಡಿದು ಹೋದರೆ ಬೇರೊಂದು ಲೋಕ ತೆರೆಯುತ್ತದೆ. ಪಿಯಾನೊ ಹದವಾಗಿ, ಮೆತ್ತಗೆ, ನಡೆಯುವವನ ಹೆಜ್ಜೆಯಂತೆ ಸಾಗುತ್ತಿರುತ್ತದೆ. ಅದರ ಮೇಲೆ ಬ್ಲ್ಯಾಕ್‌ವೆಲ್ ಒಂದೊಂದೇ ತಂತಿಯನ್ನು ಚುರುಕಾಗಿ ಮೀಟುತ್ತಾರೆ. ಸ್ವರ ಹುಟ್ಟುತ್ತಲೇ ತುಸು ಹರಿತ. ಕಾರ್ ಅವರ ದುಃಖ ತೀರ ಮೃದುವಾಗಿ ಕರಗಿಹೋಗುವ ಹೊತ್ತಿಗೆ ಸರಿಯಾಗಿ ಈ ಹರಿತ ಬಂದು ಅದನ್ನು ಎಚ್ಚರಿಸುತ್ತದೆ. ಹಾಡಿನ ನೆರಳಾಗಿ ನಡೆಯುವ ಪಕ್ಕವಾದ್ಯವೆಂದು ಇದನ್ನು ಕರೆಯಲಾಗದು. ಹಾಡುಗಾರ ಹೇಳಲಾರದೆ ಬಿಟ್ಟದ್ದನ್ನು ಇದು ಹೇಳಿ ಮುಗಿಸುತ್ತದೆ. ಜುಗಲ್‌ಬಂದಿ ಎಂಬುದು ಇದಕ್ಕೆ ಹೆಚ್ಚು ಒಪ್ಪುವ ಹೆಸರು. ಆದರೂ ಕೇಳುಗರ ನಾಲಗೆಯಲ್ಲಿ ಉಳಿದದ್ದು ಲೆರಾಯ್ ಕಾರ್ ಎಂಬ ಹೆಸರೇ.

ಬ್ಲ್ಯಾಕ್‌ವೆಲ್ ತಾವೇ ಹಾಡಿ ಮುದ್ರಿಸಿದ ಹಾಡುಗಳೂ ಇವೆ. ಅದೇ 1928ರ ಜೂನ್‌ನಲ್ಲಿ ಅವರು ಹಾಡಿದ 'ಕೊಕೊಮೊ ಬ್ಲೂಸ್' ಇಂಡಿಯಾನಾದ ಒಂದು ಪಟ್ಟಣದ ಹೆಸರು ಹೊತ್ತದ್ದು. 1934ರಲ್ಲಿ ಬೇರೊಬ್ಬ ಗಾಯಕ ಅದನ್ನು ತನ್ನ ರೀತಿಯಲ್ಲಿ ಹಾಡಿದರು. ಆ ಹಾಡಿನಿಂದಾಗಿಯೇ ಅವರಿಗೆ ಕೊಕೊಮೊ ಆರ್ನಲ್ಡ್ ಎಂಬ ಹೆಸರು ಅಂಟಿತು. 1936ರಲ್ಲಿ ಮಿಸಿಸಿಪಿಯ ರಾಬರ್ಟ್ ಜಾನ್ಸನ್ ಅದೇ ಎಳೆಯನ್ನು ಹಿಡಿದು 'ಸ್ವೀಟ್ ಹೋಮ್ ಶಿಕಾಗೊ' ಹಾಡಿದರು. ಬ್ಲೂಸ್ ಬಲ್ಲವರೆಲ್ಲರ ಬಾಯಲ್ಲೂ ಇರುವ ಹಾಡು ಅದು. 2012ರಲ್ಲಿ ಶ್ವೇತಭವನದ ಸಂಗೀತ ಸಂಜೆಯೊಂದರಲ್ಲಿ ಅಧ್ಯಕ್ಷ ಒಬಾಮ ಅದರ ಕೆಲವು ಪದಗಳನ್ನು ಗುನುಗಿದರು. ಆ ಹಾಡಿನ ಬೇರನ್ನು ಹುಡುಕುತ್ತ ಹೋದರೆ ದಾರಿಯಲ್ಲಿ ಸಿಗುವವರು ಇಂಡಿಯಾನಾಪೊಲಿಸ್‌ನ ಈ ಕಳ್ಳಭಟ್ಟಿಯ ವ್ಯಾಪಾರಿ.

ಜೋಡಿ ಮುರಿದದ್ದು 1935ರ ಫೆಬ್ರವರಿಯಲ್ಲಿ. ಶಿಕಾಗೊದ ಧ್ವನಿಮುದ್ರಣದ ನಡುವೆ ಹಣದ ವಿಷಯಕ್ಕೆ ಜಗಳವಾಗಿ ಬ್ಲ್ಯಾಕ್‌ವೆಲ್ ಎದ್ದು ಹೊರನಡೆದರು. ಉಳಿದುದನ್ನು ಕಾರ್ ಒಬ್ಬರೇ ಹಾಡಿ ಮುಗಿಸಿದರು. ಎರಡು ತಿಂಗಳು ಕಳೆಯುವಷ್ಟರಲ್ಲಿ, ಏಪ್ರಿಲ್ 29ರಂದು, ಕುಡಿತದಿಂದ ಜರ್ಜರಿತರಾಗಿದ್ದ ಕಾರ್ ತೀರಿಕೊಂಡರು. ವಯಸ್ಸು ಮೂವತ್ತರ ಆಸುಪಾಸು. ರಾಜಿಯಾಗಲು ಬೇಕಾದಷ್ಟು ಕಾಲವನ್ನು ಸಾವು ಕೊಡಲಿಲ್ಲ. ಅದೇ ವರ್ಷ ಮತ್ತೆ ಕೆಲವು ಹಾಡುಗಳನ್ನು ಮುದ್ರಿಸಿದ ಬ್ಲ್ಯಾಕ್‌ವೆಲ್ ಅನಂತರ ಸಂಗೀತವೃತ್ತಿಯನ್ನೇ ಬಿಟ್ಟರು. ಇಪ್ಪತ್ತಕ್ಕೂ ಹೆಚ್ಚು ವರ್ಷ ಅವರ ಹೊಸ ಮುದ್ರಿಕೆ ಬರಲಿಲ್ಲ. ಅವರು ಎಲ್ಲಿಗೂ ಹೋಗಿರಲಿಲ್ಲ, ಅದೇ ಊರಿನಲ್ಲಿದ್ದರು. ನೆರೆಹೊರೆಗೆ ಅವರು ಗಿಟಾರ್ ಬಲ್ಲ ಸ್ಕ್ರ್ಯಾಪರ್ ಆಗಿದ್ದರು. ಹೊರಲೋಕಕ್ಕೆ ಅವರು ಇರಲೇ ಇಲ್ಲ.

1950ರ ದಶಕದ ಕೊನೆಗೆ ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಹುಡುಕಿ ಕೇಳುತ್ತಿದ್ದ ತರುಣರು ಅವರ ಮನೆಯ ಬಾಗಿಲು ತಟ್ಟಿದರು. ಜಾಜ್ ಛಾಯಾಗ್ರಾಹಕ ಡಂಕನ್ ಶೀಟ್ ಮಾಡಿದ ಮುದ್ರಣಗಳು ಇಂಗ್ಲೆಂಡಿನಲ್ಲಿ ಹೊರಬಂದವು. ಇಂಡಿಯಾನಾಪೊಲಿಸ್‌ನಲ್ಲೇ ಬೆಳೆದ, ಮುಂದೆ ಚಿತ್ರಕಾರರೂ ಜಾನಪದ ಸಂಗ್ರಾಹಕರೂ ಆಗಿ ಹೆಸರಾದ ಆರ್ಟ್ ರೋಸೆನ್‌ಬಾಮ್ 1961ರಲ್ಲಿ ಮಾಡಿದ ಮುದ್ರಣ 'ಮಿಸ್ಟರ್ ಸ್ಕ್ರ್ಯಾಪರ್ಸ್ ಬ್ಲೂಸ್' ಎಂಬ ಹೆಸರಿನಲ್ಲಿ ಪ್ರಕಟವಾಯಿತು. ಅದರಲ್ಲಿ ಕಾರ್ ಇಲ್ಲ. ಬಹುಪಾಲು ಒಂದು ಕಂಠ, ಒಂದು ಗಿಟಾರ್. ದನಿ ಹಣ್ಣಾಗಿದೆ, ಬೆರಳುಗಳ ಹರಿತ ಹಾಗೆಯೇ ಇದೆ. ಕಾರ್ ಬಿಟ್ಟುಹೋದ ಜಾಗವನ್ನು ತುಂಬುವ ಆತುರ ಅಲ್ಲಿಲ್ಲ. ಅದನ್ನು ಖಾಲಿ ಬಿಟ್ಟೇ ಅವರು ನುಡಿಸುತ್ತಾರೆ ಎಂದು ನಮಗೆ ಕೇಳಿಸುತ್ತದೆ. ಪಕ್ಕದಲ್ಲಿ ಕುಳಿತಿದ್ದವರು ಮುದ್ರಿಕೆಯ ಶಿರೋನಾಮೆಯಲ್ಲಿ, ಅದೂ ಗೌರವಸೂಚಕ ಪದದೊಡನೆ, ಕಾಣಿಸಿಕೊಂಡರು.

ಅನಂತರ ಆ ಓಣಿ. ನೆರೆಯವನೊಬ್ಬನನ್ನು ಪೊಲೀಸರು ಬಂಧಿಸಿದರಾದರೂ ಕೊಲೆಯ ಪ್ರಕರಣ ಬಗೆಹರಿಯಲಿಲ್ಲ. ಈ ಸಾವಿನ ಹೊತ್ತನ್ನು ನಾವು ಗಮನಿಸಬೇಕು. ಮರುವರ್ಷ, 1963ರಲ್ಲಿ, ದಶಕಗಳ ಕಾಲ ಮರೆತುಹೋಗಿದ್ದ ಮಿಸಿಸಿಪಿ ಜಾನ್ ಹರ್ಟ್ ನ್ಯೂಪೋರ್ಟ್ ಜಾನಪದ ಸಂಗೀತೋತ್ಸವದ ವೇದಿಕೆ ಏರಿದರು. 1964ರಲ್ಲಿ ಸ್ಕಿಪ್ ಜೇಮ್ಸ್, ಸನ್ ಹೌಸ್ ಇಬ್ಬರನ್ನೂ ಹುಡುಕಿ ಕರೆತಂದರು. ಆ ಹಿರಿಯರಿಗೆ ಪ್ರವಾಸಗಳು, ಹೊಸ ಮುದ್ರಿಕೆಗಳು, ಕೈಗೆ ನಾಲ್ಕು ಕಾಸು, ಎದುರು ಕುಳಿತು ಕಲಿಯುವ ಹುಡುಗರು ದೊರೆತರು. ಅವರೆಲ್ಲರಿಗಿಂತ ಮೊದಲೇ ಪತ್ತೆಯಾಗಿದ್ದ ಬ್ಲ್ಯಾಕ್‌ವೆಲ್ ಆ ಬಾಗಿಲು ತೆರೆಯುವ ಒಂದು ವರ್ಷ ಮುಂಚೆ ಇಲ್ಲವಾದರು. ಗುಂಡು ಕಸಿದದ್ದು ಒಂದು ಜೀವವನ್ನು. ಜೊತೆಗೆ ಆಗತಾನೆ ಶುರುವಾಗಿದ್ದ ಎರಡನೆಯ ಬಾಳನ್ನು.

ಬ್ಲೂಸ್ ಕುರಿತು ಬರೆಯುವವರಿಗೆ ಇಂಥ ಸಾವುಗಳ ಮೇಲೊಂದು ಮೋಹವಿದೆ. ರಾಬರ್ಟ್ ಜಾನ್ಸನ್‌ಗೆ ವಿಷವಿಕ್ಕಿದರೆಂಬ ಕಥೆ, 1948ರಲ್ಲಿ ಶಿಕಾಗೊದ ಬೀದಿಯಲ್ಲಿ ಕೊಲೆಯಾದ ಹಾರ್ಮೋನಿಕ ವಾದಕ ಜಾನ್ ಲೀ ವಿಲಿಯಮ್ಸನ್‌ನ ಕಥೆ, ಇವೆಲ್ಲ ಸೇರಿ ಹಿಂಸೆಯೇ ಆ ಸಂಗೀತದ ಸಹಜ ಮುಕ್ತಾಯವೆಂಬ ಭ್ರಮೆ ಹುಟ್ಟಿಸುತ್ತವೆ. ಜಗಳಗಂಟ ಎಂಬ ಅಡ್ಡಹೆಸರು ಬೇರೆ, ಕಥೆಗೆ ಹೇಳಿ ಮಾಡಿಸಿದಂತಿದೆ. ಆದರೆ ಮೊಮ್ಮಗನ ತುಂಟತನ ಕಂಡು ಅಜ್ಜಿ ಇಟ್ಟ ಹೆಸರು ಐವತ್ತೊಂಬತ್ತರ ಹಿರಿಯರ ಕೊಲೆಗೆ ವಿವರಣೆಯಾಗಲಾರದು. ಬಡ ಕೇರಿಗಳಲ್ಲಿ ಸುಲಭವಾಗಿ ಸಿಗುವ ಬಂದೂಕು, ಅಲ್ಲಿ ಅಗ್ಗವಾದ ಜೀವ, ಇವು ಸಂಗೀತದ ಗುಣಗಳಲ್ಲ. ಅವು ಆ ಸಂಗೀತಗಾರರು ಬಾಳಬೇಕಾಗಿ ಬಂದ ವ್ಯವಸ್ಥೆಯ ಗುಣಗಳು.

ಆ ಬೀದಿಗೂ ಅದೇ ಗತಿಯಾಯಿತು. ಮುಂದಿನ ವರ್ಷಗಳಲ್ಲಿ ಹೆದ್ದಾರಿಗೂ ವಿಶ್ವವಿದ್ಯಾಲಯದ ವಿಸ್ತರಣೆಗೂ ಜಾಗ ಬೇಕಾಗಿ ಇಂಡಿಯಾನಾ ಅವೆನ್ಯೂ ಸುತ್ತಲ ಮನೆಗಳನ್ನು ನೆಲಸಮ ಮಾಡಿದರು. ವಾಕರ್ ರಂಗಮಂದಿರ ಉಳಿಯಿತು, ಅದರ ಎದುರು ಸಂಜೆ ಸೇರುತ್ತಿದ್ದ ನೆರೆಹೊರೆ ಚದುರಿತು. ಒಬ್ಬ ಕಲಾವಿದನನ್ನು ನೆನೆಯಬಲ್ಲ ಜನ ಒಂದೆಡೆ ಇಲ್ಲವಾದಾಗ ನೆನಪಿನ ಭಾರವೆಲ್ಲ ಮುದ್ರಿಕೆಗಳ ಮೇಲೆ ಬೀಳುತ್ತದೆ.

ಮುದ್ರಿಕೆಗಳು ಈಗ ಎಲ್ಲರಿಗೂ ಸಿಗುತ್ತವೆ. ಓದುಗರಲ್ಲಿ ನಮ್ಮ ಕೋರಿಕೆ ಇಷ್ಟೇ: 'ಹೌ ಲಾಂಗ್' ಮೂರು ನಿಮಿಷದ ಹಾಡು, ಅದನ್ನು ಒಮ್ಮೆ ಕಾರ್ ಅವರಿಗಾಗಿ ಕೇಳಿ, ಇನ್ನೊಮ್ಮೆ ಪಕ್ಕದಲ್ಲಿ ಕುಳಿತವರಿಗಾಗಿ ಕೇಳಿ. ಇನ್ನು ಮುಂದೆ ಯಾರಾದರೂ ಸ್ಕ್ರ್ಯಾಪರ್ ಬ್ಲ್ಯಾಕ್‌ವೆಲ್ ಯಾರೆಂದು ಕೇಳಿದರೆ ಓಣಿಯ ಮಾತನ್ನು ಕೊನೆಗಿಟ್ಟುಕೊಳ್ಳೋಣ. ಗಿಟಾರಿನ ಮಾತು ಮೊದಲು ಬರಲಿ.