ನೀಲಿ ಕೋಟಿನೊಳಗಿನ ಮೊಲ: ಬಿಯಾಟ್ರಿಕ್ಸ್ ಪಾಟರ್ (1866–1943)

ಬಿಯಾಟ್ರಿಕ್ಸ್ ಪಾಟರ್ ಅವರನ್ನು ಮುದ್ದು ಮೊಲಗಳ ಚಿತ್ರಗಾರ್ತಿ ಎಂದಷ್ಟೇ ಕರೆದು ಮುಗಿಸುವುದು ರೂಢಿ. ಅದು ಅರೆಸತ್ಯ. ಮಕ್ಕಳ ಪುಸ್ತಕಕ್ಕೆ ಕೈಹಾಕುವ ಮೊದಲೇ ಅವರು ಅಣಬೆಗಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿ ನೂರಾರು ಜಲವರ್ಣ ಚಿತ್ರಗಳನ್ನು ಬರೆದಿದ್ದರು. ಬೀಜಕಗಳು ಮೊಳೆಯುವ ಬಗೆಯ ಕುರಿತ ಅವರ ಪ್ರಬಂಧ 1897ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿಯ ಮುಂದೆ ಬಂತು. ಆ ಸಭೆಗೆ ಹೆಂಗಸರಿಗೆ ಪ್ರವೇಶವಿರಲಿಲ್ಲ, ಅದು ಬೇರೆ ಮಾತು. ಹಾಗೆ ಪಳಗಿದ ಕಣ್ಣೇ ಅವರ ಕಥೆಗಳ ಬಂಡವಾಳ. ಮೊಲಕ್ಕೆ ಕೋಟು ತೊಡಿಸಿದ ಮೇಲೆ ವಿಜ್ಞಾನವೆಲ್ಲಿ ಉಳಿಯಿತು ಎಂದು ಕೇಳಬಹುದು. ಅವರ ಕಥಾನಾಯಕ ಪೀಟರ್ ಮೊಲ ತೋಟದಿಂದ ತಪ್ಪಿಸಿಕೊಳ್ಳುವ ಪುಟಗಳನ್ನು ನೋಡಿ: ಬೂಟು ಕಳಚಿದ್ದೇ ತಡ, ನಾಲ್ಕು ಕಾಲಲ್ಲಿ ಓಡುತ್ತಾನೆ, ಹಿತ್ತಾಳೆ ಗುಂಡಿಗಳು ಬಲೆಗೆ ಸಿಕ್ಕಿಕೊಂಡಾಗ ಕೋಟನ್ನೇ ಬಿಟ್ಟು ಪಾರಾಗುತ್ತಾನೆ. ಬಟ್ಟೆ ಮನುಷ್ಯನದು, ಮೈ ಮಾತ್ರ ಮೊಲದ್ದೇ.

ವ್ಯವಹಾರದಲ್ಲೂ ಅವರು ಮುಗ್ಧೆಯಲ್ಲ. ಪೀಟರ್ ಮೊಲದ ಕಥೆಯನ್ನು ಪ್ರಕಾಶಕರು ಒಪ್ಪದಿದ್ದಾಗ 1901ರಲ್ಲಿ ಸ್ವಂತ ಖರ್ಚಿನಲ್ಲಿ 250 ಪ್ರತಿ ಅಚ್ಚು ಹಾಕಿಸಿದರು. 1902ರಲ್ಲಿ ಫ್ರೆಡರಿಕ್ ವಾರ್ನ್ ಸಂಸ್ಥೆ ಅದನ್ನು ಬಣ್ಣದಲ್ಲಿ ಹೊರತಂದಿತು. 1905ರಲ್ಲಿ ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟಿನ ಹಿಲ್ ಟಾಪ್ ತೋಟವನ್ನು ಕೊಂಡುಕೊಳ್ಳಲು ಪುಸ್ತಕದ ಗೌರವಧನವೂ ನೆರವಾಯಿತು. ಅವರು ತೀರಿಕೊಂಡ ಮೇಲೆ ಸುಮಾರು 4,000 ಎಕರೆ ಭೂಮಿ ಸಂರಕ್ಷಣಾ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ಗೆ ಸೇರಿತು.